ನಡುಮನೆಯಲ್ಲೊಂದು ದಿವಾನ್

ಗದ್ದೆಗೆ ಬುತ್ತಿ ಕೊಟ್ಟು ವಾಪಸ್ ಬರುತ್ತಿದ್ದೆ. ಎಡಗಾಲಿನ ಚಪ್ಪಲಿ ಯಾವಾಗ ಕಳಚಿತೋ ಗೊತ್ತಾಗಲಿಲ್ಲ. ತಿರುಗಿ ನೋಡಿದರೆ ಹತ್ತು ಹೆಜ್ಜೆ ಹಿಂದೆ ಬಿದ್ದಿತ್ತು. ಬೆನ್ನುನೋವು ನಾಲ್ಕು ತಿಂಗಳಿಂದ ಇತ್ತು. ನಮ್ಮೂರು ಮಗ್ಗೆಯಲ್ಲಿ ಯಾವ ಹೆಂಗಸಿಗೆ ಬೆನ್ನುನೋವಿಲ್ಲ ಹೇಳಿ? ಆದರೆ ಕಾಲಲ್ಲಿ ಚಪ್ಪಲಿ ಇದೆಯೋ ಇಲ್ಲವೋ ತಿಳಿಯದಿರುವುದು ಹೊಸದು.

ಹಾಸನದ ಡಾಕ್ಟರು ಎಕ್ಸ್-ರೇ, ಸ್ಕ್ಯಾನ್ ಎಲ್ಲ ನೋಡಿ ಹೇಳಿದರು.

ಸ್ಪೈನ್ ಟಿಬಿ.

"ಇವ್ಳಿಗೆ ಕೆಮ್ಮೇ ಇಲ್ವಲ್ಲ ಸಾರ್?" ಎಂದರು ನಮ್ಮ ಯಜಮಾನರು. ಟಿಬಿ ಮೂಳೆಗೂ ಬರುತ್ತದೆ, ಮಾತ್ರೆಗೆ ವಾಸಿಯಾಗುತ್ತದೆ ಎಂದು ಡಾಕ್ಟರು ಸಮಾಧಾನವಾಗಿಯೇ ವಿವರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. "ಮೂರು ತಿಂಗಳು ಕಂಪ್ಲೀಟ್ ಬೆಡ್ ರೆಸ್ಟ್. ಗಟ್ಟಿ ಹಲಗೆ ಮೇಲೆ ಮಲಗಿರ್ಬೇಕು, ಎದ್ದು ಕೂರೋ ಹಾಗಿಲ್ಲ. ಮೂಳೆ ಕುಸಿದ್ರೆ ಕಾಲು ಹೋಗುತ್ತಮ್ಮ."

ನಮ್ಮದು ಚಾಪೆ ಹಾಸಿ ಮಲಗುವ ಮನೆ. ಯಜಮಾನರು ಸಕಲೇಶಪುರಕ್ಕೆ ಹೋಗಿ ಅಂಗಡಿಯಲ್ಲಿದ್ದ ಅತಿ ಅಗ್ಗದ ದಿವಾನ್ ತಂದರು. ಕಬ್ಬಿಣದ ಪೈಪಿನ ಕಾಲು, ಮೇಲೆ ಪ್ಲೈವುಡ್ಡು, ಬಿಡಿಬಿಡಿಯಾಗಿ ಬಸ್ಸಿನ ಟಾಪ್ ಮೇಲೆ ಬಂತು. ಜೊತೆಗೊಂದು ಪೊಟ್ಟಣದಲ್ಲಿ ನಟ್ಟು, ಬೋಲ್ಟು. ಪಂಪ್‌ಸೆಟ್ ಬಿಚ್ಚಿ ಜೋಡಿಸುವ ಮನುಷ್ಯನಿಗೆ ಇದ್ಯಾವ ಲೆಕ್ಕ? ನಡುಮನೆಯಲ್ಲಿ ಕೂತು, ಪಂಪ್‌ಸೆಟ್ಟಿನ ಸ್ಪ್ಯಾನರಿನಲ್ಲೇ ಉಸಿರು ಬಿಗಿಹಿಡಿದು ತಿರುಗಿಸಿದರು. ಜೋಡಿಸಿ ಆದ ಮೇಲೆ ನೋಡಿದರೆ ದಿವಾನ್ ಒಳಕೋಣೆಯ ಬಾಗಿಲಲ್ಲಿ ಹೋಗಲಿಲ್ಲ. ಕೋಣೆ ಅಳೆದಿದ್ದರು, ಬಾಗಿಲು ಅಳೆದಿರಲಿಲ್ಲ.

"ಬಿಚ್ಚಿ ಒಳಗೆ ಜೋಡ್ಸಿ" ಎಂದೆ.

"ಬೋಲ್ಟಿನ ಥ್ರೆಡ್ ಹೋಗ್ಬುಟ್ಟೈತೆ ಕಣೆ, ಬಿಚ್ಚಕಾಗಕಿಲ್ಲ. ಇಲ್ಲೇ ಇರ್ಲಿ ಬುಡು."

ನನಗೆ ಅಳು ಬಂತು. ನಡುಮನೆಯಲ್ಲಿ ಮಾವ ಓಡಾಡುತ್ತಾರೆ. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಗಿತ್ತು, ಆದರೂ ಅವರು ಕಲಿಸಿದ್ದನ್ನು ನಾನು ಬಿಟ್ಟಿರಲಿಲ್ಲ. ಮಾವನ ಎದುರು ಸೊಸೆ ಕೂರುವುದಿಲ್ಲ, ನೇರ ಮಾತಾಡುವುದಿಲ್ಲ. ಮದುವೆಯಾಗಿ ಹನ್ನೆರಡು ವರ್ಷ ಅವರು ಬಂದಾಗಲೆಲ್ಲ ಅಡುಗೆಮನೆ ಬಾಗಿಲ ಮರೆಗೆ ಸರಿದವಳು ನಾನು. ಈಗ ಅವರ ದಾರಿಯಲ್ಲೇ ಕಾಲು ಚಾಚಿ ಮಲಗಬೇಕು.

ಮಲಗಲಿಲ್ಲ. ಅಂಗಳದಲ್ಲಿ ಅವರ ಕೆಮ್ಮು ಕೇಳಿಸಿದರೆ, ನಿಲ್ಲಲಾಗದಿದ್ದರೂ ಮೊಣಕೈ ಊರಿ ಎದ್ದಾದರೂ ಕೂರುತ್ತಿದ್ದೆ. ಅವರು ದಾಟಿದ ಮೇಲೆ ಒರಗುತ್ತಿದ್ದೆ. ದಿನಕ್ಕೆ ಹತ್ತು ಸಲವಾದರೂ ಇದೇ. ಬೆಳಿಗ್ಗೆ ನನ್ನನ್ನು ಒರೆಸಿ ಬಟ್ಟೆ ಬದಲಿಸಲು ಬರುತ್ತಿದ್ದ ಪಕ್ಕದ ಮನೆ ರತ್ನಕ್ಕ ಬೈದಳು. ನಕ್ಕುಬಿಟ್ಟೆ.

ತಿಂಗಳಾದ ಮೇಲೆ ಜೀಪಿನ ಹಿಂದೆ ಮಲಗಿಸಿಕೊಂಡು ಹಾಸನಕ್ಕೆ ಕರೆದೊಯ್ದರು. ಡಾಕ್ಟರು ಎಡಪಾದಕ್ಕೆ ಪಿನ್ ಚುಚ್ಚಿದರು.

ಗೊತ್ತಾಗಲಿಲ್ಲ.

"ಎದ್ದು ಕೂತಿದ್ರಾ?"

"ಇಲ್ಲ ಸಾರ್" ಎಂದೆ.

"ನಮ್ಮಪ್ಪ ಬಂದಾಗೆಲ್ಲ ಏಳ್ತಾಳೆ ಸಾರ್" ಎಂದರು ಯಜಮಾನರು.

ಡಾಕ್ಟರು ಪೆನ್ನನ್ನು ಮೇಜಿನ ಮೇಲೆ ಕುಕ್ಕಿದರು. "ಮರ್ಯಾದೆ ಬೇಕಾ, ಕಾಲು ಬೇಕಾ? ತೀರ್ಮಾನ ಮಾಡಿ."

ಮಾತು ಮಾವನ ಕಿವಿಗೂ ಬಿತ್ತು. ಮರುದಿನದಿಂದ ಅವರು ಮುಂಬಾಗಿಲು ಬಿಟ್ಟರು. ಕೊಟ್ಟಿಗೆ ಸುತ್ತಿ ಹಿತ್ತಿಲಿಂದ ಬರುತ್ತಿದ್ದರು, ಊಟವೂ ಅಲ್ಲೇ. ನನಗೆ ಆರಾಮವಾಗಬೇಕಿತ್ತು, ಆಗಲಿಲ್ಲ. ಮನೆ ಕಟ್ಟಿದವರನ್ನೇ ಆಚೆ ಹಾಕಿದ ಹಾಗೆ ಸಂಕಟವಾಗುತ್ತಿತ್ತು. ಐದನೇ ದಿನ ತಡೆಯಲಾರದೆ ಕೂಗಿಬಿಟ್ಟೆ. "ಮಾವ, ಮುಂದ್ಗಡೆಯಿಂದ್ಲೇ ಬನ್ನಿ."

ಹೊಸ್ತಿಲಾಚೆ ಬಂದು ನಿಂತರು. "ನೀನು ಏಳಕಿಲ್ಲ ಅಂದ್ರೆ ಬತ್ತೀನಿ ಕಣವ್ವ."

"ಏಳಲ್ಲ."

ಬಂದರು. ಮೊಣಕೈ ತಾನಾಗಿ ಊರಲು ಹೋಯಿತು. ದಿವಾನಿನ ಪೈಪನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ. ಮಾವ ಕುರ್ಚಿಯಲ್ಲಿ ಬೀದಿ ಕಡೆ ಮುಖ ಮಾಡಿ ಕೂತರು. ಇಬ್ಬರಿಗೂ ಬೆವರು.

"ಮಳೆ ಬರಂಗೈತೆ" ಎಂದರು ಕೊನೆಗೆ.

"ಹೂಂ" ಎಂದೆ.

ಹನ್ನೆರಡು ವರ್ಷದಲ್ಲಿ ನಮ್ಮಿಬ್ಬರ ಮೊದಲ ಮಾತುಕತೆ ಅದು. ಆಮೇಲೆ ದಿನವೂ ಬಂದು ಕೂತರು. ಶುಂಠಿ ಬೆಳೆ, ಆನೆ ಕಾಟ, ತಮ್ಮ ಮಗ ಸುಟ್ಟು ಕರಕು ಮಾಡಿದ ಅಕ್ಕಿರೊಟ್ಟಿ, ಎಲ್ಲ ಹೇಳುತ್ತಿದ್ದರು. ಇಷ್ಟು ಮಾತುಗಾರರೆಂದು ನನಗೆ ಗೊತ್ತೇ ಇರಲಿಲ್ಲ. ಅತ್ತೆ ಹೇಗೆ ತಡೆದುಕೊಂಡಿದ್ದರೋ! ನಾನು ಮಾತ್ರ ಮಲಗಿದಲ್ಲಿಂದಲೇ ನಗುತ್ತಿದ್ದೆ. ಮಳೆಗಾಲಕ್ಕೆ ಪ್ಲೈವುಡ್ಡು ಒಂದು ಮೂಲೆಯಲ್ಲಿ ಉಬ್ಬಿತು. ಅಲ್ಲಿಗೆ ಹಳೇ ಸೀರೆ ಮಡಚಿ ಹಾಕಿಕೊಂಡೆವು.

ಮೂರು ತಿಂಗಳು ಎಂದದ್ದು ಐದಾಯಿತು. ಹೋದ ವಾರ ಡಾಕ್ಟರು ಹೊಸ ಎಕ್ಸ್-ರೇ ನೋಡಿ, ಬೆಲ್ಟ್ ಕೊಟ್ಟು, ಮನೆಯಲ್ಲಿ ನಿಧಾನಕ್ಕೆ ನಿಂತು ನೋಡಿ ಎಂದರು. ಮಾತ್ರೆ ಇನ್ನೂ ಬಹಳ ದಿನ ನುಂಗಬೇಕು. ಎಡಗಾಲು ಪೂರ್ತಿ ಮೊದಲಿನ ಹಾಗಾಗುತ್ತದೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಿನ್ನೆ ಬೆಳಿಗ್ಗೆ ಯಜಮಾನರು ಬಲಗಡೆ ಹಿಡಿದು ಎಬ್ಬಿಸಿದರು. ತಲೆ ಸುತ್ತಿತು, ಎಡಕ್ಕೆ ವಾಲಿದೆ. ಕುರ್ಚಿ ಸರಿದ ಸದ್ದಾಯಿತು. ನಮ್ಮ ಕಡೆ ಮಾವ ಸೊಸೆಯನ್ನು ಮುಟ್ಟುವುದಿಲ್ಲ. ಮಾವ ನನ್ನ ಎಡಗೈ ಎತ್ತಿ ತಮ್ಮ ಹೆಗಲ ಮೇಲೆ ಹಾಕಿಕೊಂಡರು.

"ಭಾರ ಬುಡವ್ವ. ಹಿಡ್ಕಂಡಿವ್ನಿ."

ಬಿಟ್ಟೆ. ಸಿಮೆಂಟಿನ ನೆಲ ತಣ್ಣಗಿತ್ತು. ಎಡಗಾಲಿಗೂ ಗೊತ್ತಾಯಿತು.