ನಂಬರ್ ಇತ್ತು, ನೆಗೆಟಿವ್ ಇರಲಿಲ್ಲ

ಫಿಲ್ಮ್ ತೊಳೆಯುವ ದ್ರಾವಣದ ಹುಳಿ ವಾಸನೆ ಮತ್ತೆ ಮೂಗಿಗೆ ಬಡಿದದ್ದು ವೈಟ್‌ಫೀಲ್ಡಿನ ಒಂದು ಕೆಫೆಯಲ್ಲಿ. ಹವ್ಯಾಸಿ ಹುಡುಗರು ಅಲ್ಲೇ ಮೂಲೆಯಲ್ಲಿ ಕತ್ತಲೆ ಕೋಣೆ ಕಟ್ಟಿಕೊಂಡು, ಫಿಲ್ಮ್ ಹೋಯಿತೆಂದು ಫೋಟೊಗ್ರಾಫರುಗಳು ಚಿಂತಿಸಬೇಕೇ ಎಂದು ಚರ್ಚೆ ನಡೆಸುತ್ತಿದ್ದರು. ಒಬ್ಬ, ಫಿಲ್ಮಿಗೆ ಆತ್ಮವಿದೆ ಎಂದ. ಇನ್ನೊಬ್ಬ, ಅದೆಲ್ಲ ಬರೀ ಸೆಂಟಿಮೆಂಟ್ ಎಂದ. ನನಗೆ ಇಬ್ಬರ ಮೇಲೂ ರೇಗಿತು. ಫೋಟೊಗ್ರಾಫರುಗಳ ಚಿಂತೆ ಹಾಳಾಗಲಿ, ಫೋಟೊದಲ್ಲಿದ್ದವರ ಗತಿ?

ಎಂ.ಎ. ಮುಗಿಸಿದ ಹೊಸದರಲ್ಲಿ ನಾನು ಜಾಲಹಳ್ಳಿಯಲ್ಲಿ ಒಂದು ಸ್ಟುಡಿಯೋದ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಮಾಲೀಕರನ್ನು ಎಲ್ಲರೂ ಸ್ಟುಡಿಯೋ ಅಂಕಲ್ ಎನ್ನುತ್ತಿದ್ದರು. ಪೀಣ್ಯದ ಫ್ಯಾಕ್ಟರಿಗಳ ಗೇಟ್ ಪಾಸಿಗೆ ಬೇಕಾದ ಫೋಟೊಗಳೇ ಅವರ ಜೀವನ. ಫೋಟೊ ಹಾಕಿಕೊಡುವ ಕವರಿನ ಮೇಲೆ ನೆಗೆಟಿವ್ ನಂಬರ್ ಬರೆದುಕೊಡುತ್ತಿದ್ದರು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಜನ ಆ ಕವರ್ ಹಿಡಿದು ಬರುತ್ತಿದ್ದರು. ಗೋಡೆಗೆ ಹಾಕಿ ಹಾರ ಹಾಕುವ ದೊಡ್ಡ ಪಟ ತಯಾರಾಗುತ್ತಿತ್ತು.

ಆಮೇಲೆ ಡಿಜಿಟಲ್ ಕ್ಯಾಮೆರಾ ಬಂತು. ಪ್ರಿಂಟ್ ತೆಗೆದು, ಕ್ಯಾಮೆರಾದ ಮೆಮೊರಿ ಕಾರ್ಡ್ ತುಂಬಿದಾಗ ಅಳಿಸುವುದು. ಆದರೆ ಹಳೆಯ ಕವರುಗಳು ರಾಶಿ ಉಳಿದಿದ್ದವು. ಕೈ ಅಭ್ಯಾಸ, ಅಂಕಲ್ ಅವುಗಳ ಮೇಲೆ ನಂಬರ್ ಬರೆಯುತ್ತಲೇ ಹೋದರು...

ಒಂದು ಮಧ್ಯಾಹ್ನ ಗಂಡುಕೂಸನ್ನು ಕಂಕುಳಲ್ಲಿಟ್ಟುಕೊಂಡು ರಾಯಚೂರು ಕಡೆಯ ಹೆಂಗಸೊಬ್ಬಳು ಬಂದಳು. ಕೈಯಲ್ಲಿ ಖಾಲಿ ಕವರ್. ಗಂಡ ಫ್ಯಾಕ್ಟರಿಯಲ್ಲಿ ಸತ್ತಿದ್ದ.

"ಅಣ್ಣಾರ, ನಮ್ಮ ಮನಿಯಾಂವರ ಫೋಟೊ ದೊಡ್ಡದು ಮಾಡಿಕೊಡ್ರಿ. ಮನ್ಯಾಗ ಒಂದೂ ಇಲ್ರಿ. ನಾಳೆ ಈ ಕೂಸಿಗೆ ನಿಮ್ಮಪ್ಪ ಹಿಂಗಿದ್ದ ಅಂತ ಏನ್ ತೋರಸ್ಲಿ?"

"ನೆಗೆಟಿವ್ ಇರುತ್ತೆ ಬಿಡಮ್ಮ, ಹೆದರ್ಕೋಬೇಡ," ಎಂದು ಅಂಕಲ್ ಬೀರುವಿನ ಬಾಗಿಲು ತೆಗೆದರು. ಕವರಿನ ನಂಬರ್ ಡಿಜಿಟಲ್ ಬಂದ ಮೇಲಿನದು, ಅದಕ್ಕೆ ನೆಗೆಟಿವೇ ಇರಲಿಲ್ಲ; ಕಾರ್ಡಿನಲ್ಲಿದ್ದದ್ದು ಎಂದೋ ಅಳಿಸಿಹೋಗಿತ್ತು.

ಪಾಸಿಗೆಂದು ಕೊಟ್ಟಿದ್ದ ಪ್ರತಿಗಳನ್ನೆಲ್ಲ ಗಂಡನನ್ನು ಕೆಲಸಕ್ಕೆ ಹಚ್ಚಿದ್ದ ಕಂಟ್ರಾಕ್ಟರ್ ಇಟ್ಟುಕೊಂಡಿದ್ದ. ಅಂಕಲ್ ಅಂಗಡಿ ಮುಚ್ಚಿ ಅವಳೊಂದಿಗೆ ಫ್ಯಾಕ್ಟರಿ ಗೇಟಿಗೆ ಹೊರಟರು. ನಾನೂ ಹೋದೆ.

"ಫೈಲೆಲ್ಲ ಹೆಡ್ಡಾಫೀಸಿಗೆ ಹೋಯ್ತು ಕಣ್ರೀ," ಎಂದ ಕಂಟ್ರಾಕ್ಟರನ ಸೂಪರ್‌ವೈಸರ್. "ಹಳೇ ಪಾಸ್ ಎಲ್ಲಾ ಕಟ್ ಮಾಡಿ ಬಿಸಾಕಿ ಆಯ್ತು."

"ಎಂಟು ಕಾಪಿ ಇಸ್ಕೊಂಡ್ರಲ್ಲಯ್ಯಾ! ಏನ್ ಮಾಡಿದ್ರಿ, ಉಪ್ಪಿನಕಾಯಿ ಹಾಕೊಂಡು ತಿಂದ್ಬಿಟ್ರಾ?" ಎಂದು ಅಂಕಲ್ ರೇಗಿದರು.

"ನೀವ್ ಫೋಟೊ ತೆಗೆಯೋರು ಇಟ್ಕೋಬೇಕಿತ್ತು ಸಾರ್. ನಮ್ಮನ್ಯಾಕೆ ಕೇಳ್ತೀರಾ?"

ಅವನು ಹೇಳಿದ್ದು ನಿಜವಾಗಿತ್ತು. ಆ ಸಿಟ್ಟು ನನಗೆ ಇಂದಿಗೂ ಇಳಿದಿಲ್ಲ. ಬದುಕಿದ್ದಾಗ ಅವಳ ಗಂಡನ ಮುಖ ಎಲ್ಲರಿಗೂ ಎಂಟೆಂಟು ಪ್ರತಿ ಬೇಕಿತ್ತು. ಸತ್ತ ಮೇಲೆ ಯಾರ ಬಳಿಯೂ ಒಂದಿಲ್ಲ!

ಇರಲಿ, ಫಿಲ್ಮನ್ನು ನಾನು ಪೂಜಿಸುವುದಿಲ್ಲ. ನೆಗೆಟಿವ್ ಇದ್ದಿದ್ದರೂ ಬೂಷ್ಟು ಹಿಡಿಯುತ್ತಿತ್ತೇನೋ. ಆದರೆ ಯಾರೂ ಗಮನಿಸದಿದ್ದರೆ ಅದು ಬೀರುವಿನಲ್ಲಿ ಬಿದ್ದಿರುತ್ತಿತ್ತು. ಕಾರ್ಡಿನಲ್ಲಿದ್ದದ್ದು ಯಾರೂ ಗಮನಿಸದೆಯೇ ಹೋಯಿತು.

ಆಮೇಲೆ ಅಂಕಲ್ ಪಾಸ್ ಫೋಟೊಗಳಿಗೆ ಮತ್ತೆ ಫಿಲ್ಮ್ ರೋಲ್ ಹಾಕತೊಡಗಿದರು. ವರ್ಷಗಟ್ಟಲೆ ಹಾಗೆ ಮಾಡಿದರೆಂದು ನನ್ನ ನೆನಪು. ಒಂದೇ ರೋಲ್ ಇದ್ದೀತು, ಉಳಿದದ್ದನ್ನು ನನ್ನ ಸಿಟ್ಟು ಸೇರಿಸಿಕೊಂಡಿರಬಹುದು... "ನಾಳೆ ಬಾರಪ್ಪ" ಎಂದರೆ ಕಾಯುವವರಿರಲಿಲ್ಲ. "ಯಾವ ಕಾಲದಲ್ಲಿದ್ದೀರಾ ಅಂಕಲ್" ಎಂದು ನಗುತ್ತಾ ಪಕ್ಕದ ಅಂಗಡಿಗೆ ಹೋಗುತ್ತಿದ್ದರು. ಸ್ಟುಡಿಯೋ ಮುಚ್ಚಿತು. ಅಂಕಲ್ ಮಾಕಳಿ ಕಡೆ ಹೋದರು, ಅಲ್ಲೇ ತೀರಿಕೊಂಡರು ಎಂದು ಬಹಳ ತಡವಾಗಿ ಕೇಳಿದೆ.

ಆ ಕೂಸು ಈಗ ದುಡಿಯುವ ವಯಸ್ಸಿಗೆ ಬಂದಿರಬೇಕು. ಪೀಣ್ಯದಲ್ಲೇ ಎಲ್ಲೋ ತನ್ನ ಪಾಸಿಗಾಗಿ ಕ್ಯಾಮೆರಾದ ಮುಂದೆ ಕೂತಿರಲೂಬಹುದು. ಅವನು ಅಪ್ಪನ ಹಾಗಿದ್ದಾನೋ ಇಲ್ಲವೋ, ಪಕ್ಕದಲ್ಲಿಟ್ಟು ನೋಡಲು ಯಾರ ಬಳಿಯೂ ಏನೂ ಇಲ್ಲ.