ಗಿಣಿ ಕಲಿಸಿದ ತಮಿಳು

ಅವ್ವನಿಗೆ ಮಾತಾಡಲು ಒಂದು ಜೊತೆ ಬೇಕಿತ್ತು. ನಾನು ಬೆಳಿಗ್ಗೆ ಟೈಲ್ಸ್ ಕೆಲಸಕ್ಕೆ ಹೋದರೆ ಸಂಜೆ ಮೈಗೆಲ್ಲ ಸಿಮೆಂಟು ಮೆತ್ತಿಕೊಂಡು ಬಂದು, ಉಂಡು, ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ನಾನೇ ಆಕೆಯ ಜೊತೆ ನಾಲ್ಕು ಮಾತಾಡಬಹುದಿತ್ತು. ಅಷ್ಟು ಸುಲಭದ ಉಪಾಯ ನನಗೆ ಹೊಳೆಯಲಿಲ್ಲ. ಒಂದು ಗಿಣಿ ತಂದುಕೊಟ್ಟೆ.

ಆಗ ತೊಂಬತ್ತರ ದಶಕದ ಕೊನೆ. ಗುಲ್ಬರ್ಗಾ ಕಡೆಯಿಂದ ಬಂದ ನಾವಿಬ್ಬರು ಹಲಸೂರಿನ ವಠಾರದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಅಕ್ಕಪಕ್ಕದವರ ಮನೆಮಾತು ತಮಿಳು. ಅವರಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಆದರೆ ಅವ್ವ ಆಡುವುದೂ ಕನ್ನಡವೇ ಎಂದು ಒಪ್ಪಲು ಅವರು ತಯಾರಿರಲಿಲ್ಲ.

ಗಿಣಿ ಸಿಕ್ಕಿದ್ದು ಇಂದಿರಾನಗರದ ಒಂದು ಮನೆಯಲ್ಲಿ. ನಾನು ಅಲ್ಲಿ ಅಡುಗೆಮನೆಗೆ ಟೈಲ್ಸ್ ಹಾಕುತ್ತಿದ್ದೆ. ಮನೆಯೊಡತಿ ರಿಟೈರಾದ ಟೀಚರಮ್ಮ. ಮನೆ ಮಾರಿ ಚೆನ್ನೈಗೆ, ಮಗಳ ಫ್ಲ್ಯಾಟಿಗೆ ಹೊರಟಿದ್ದರು. ಅಲ್ಲಿ ಟೀಚರಮ್ಮನಿಗೆ ಜಾಗವಿತ್ತು, ಗಿಣಿಗೆ ಇರಲಿಲ್ಲ. ಅದನ್ನು ಕೇಳಲು ಬಂದಿದ್ದ ಮೂವರನ್ನು ಆಗಲೇ ವಾಪಸ್ ಕಳಿಸಿದ್ದರು. ನಾನೂ ಕೇಳಿದೆ. ಮದುವೆಗೆ ಗಂಡು ನೋಡುವವರೂ ಅಷ್ಟು ಪ್ರಶ್ನೆ ಕೇಳುವುದಿಲ್ಲ.

"ಹಗಲೆಲ್ಲ ಮನೇಲಿ ಯಾರಿರ್ತಾರೆ?"

"ನಮ್ಮವ್ವ ಒಬ್ಳೇ ಇರ್ತಾಳ್ರೀ."

"ಹೊರಗೆ ಹೋಗಲ್ವಾ? ಜನ ಬರಲ್ವಾ?"

"ಯಾರೂ ಬರಂಗಿಲ್ರೀ."

"ಹಾಗಾದ್ರೆ ತಗೊಂಡ್ಹೋಗು."

ಅವ್ವನ ಒಂಟಿತನ ಒಂದು ಅರ್ಹತೆ ಎನಿಸಿಕೊಂಡದ್ದು ಅದೇ ಮೊದಲು. ಗಿಣಿ ಸಾಕುವುದು ಕಾನೂನಿಗೆ ವಿರುದ್ಧವೆಂದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಟೀಚರಮ್ಮನ ಮುಂದೆ ಹೇಳುವ ಧೈರ್ಯ ನನಗೆಲ್ಲಿಂದ ಬರಬೇಕು? ಪಂಜರವನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಮನೆಗೆ ತಂದೆ.

ಮೂರು ದಿನ ಅದು ಮುನಿಸಿಕೊಂಡು ಕೂತಿತ್ತು. ನಾಲ್ಕನೆಯ ದಿನ ಬಾಯಿ ಬಿಟ್ಟಿತು: "ವಾಡಾ ಕಣ್ಣಾ, ಸಾಪ್ಟಿಯಾ?" ಬಾರೋ ಕಂದ, ಊಟ ಮಾಡಿದೆಯಾ ಎಂದು. ಅದಕ್ಕೆ ಬರುತ್ತಿದ್ದುದು ಅದೊಂದೇ ಮಾತು.

"ಇದೂ ತಮಿಳೇ ಏನಪಾ?" ಎಂದಳು ಅವ್ವ. ಅವಳ ಮುಖ ನೋಡಿ ಸಂಕಟವಾಯಿತು. ಆದರೂ ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋದೆ.

ಅವ್ವ ಗಿಣಿಗೆ ಕನ್ನಡ ಕಲಿಸಲು ಕೂತಳು. ತಿಂಗಳಾಗುವಷ್ಟರಲ್ಲಿ ಗಿಣಿಯೇ ಅವ್ವನಿಗೆ ತಮಿಳು ಕಲಿಸಿತ್ತು. ಟೀಚರ ಮನೆಯ ಹಕ್ಕಿ ಆಡುವುದೆಂದ ಮೇಲೆ ಅದು ಮರ್ಯಾದೆಯ ಮಾತೇ ಇರಬೇಕೆಂದುಕೊಂಡು, ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತ ಹೆಂಗಸರಿಗೆ, ಹೂ ಮಾರುವವಳಿಗೆ, ಗ್ಯಾಸ್ ತರುವವನಿಗೆ, ಎಲ್ಲರಿಗೂ "ವಾಡಾ ಕಣ್ಣಾ, ಸಾಪ್ಟಿಯಾ?" ಎನ್ನತೊಡಗಿದಳು. ಹೆಂಗಸರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಕ್ಕವರು ಸುಮ್ಮನೆ ಹೋಗಲಿಲ್ಲ, ಬಂದು ಬಾಗಿಲಲ್ಲಿ ಕೂತರು. ಅವ್ವನ ಕನ್ನಡವೂ ಕನ್ನಡವೇ ಎಂದು ಮೆಲ್ಲಗೆ ಒಪ್ಪಿಕೊಂಡರು.

ಅಷ್ಟರಲ್ಲಿ ಗಿಣಿಯ ಸುದ್ದಿ ಮನೆ ಓನರ್ ಕಿವಿಗೆ ಬಿತ್ತು. ಓನರ್ ಎಪ್ಪತ್ತು ದಾಟಿದ ತಮಿಳರು. ಹೆಂಡತಿ ತೀರಿಕೊಂಡ ಮೇಲೆ ಮಹಡಿಯ ಮೇಲೆ ಒಬ್ಬರೇ ಇದ್ದರು. ಅವರ ಚಪ್ಪಲಿಯ ಸದ್ದಿಗೇ ಇಡೀ ವಠಾರ ರೇಡಿಯೋ ತಗ್ಗಿಸುತ್ತಿತ್ತು. ಗಿಣಿಯನ್ನು ಕಳಿಸು, ಇಲ್ಲವೇ ಮನೆ ಬಿಡು ಎಂದು ನನಗೆ ಹೇಳಿ ಕಳಿಸಿದರು. ನಾನು ಅವ್ವನಿಗೆ ಹೇಳಿದೆ.

"ಅದನ್ನ ಕಳಿಸ್ತಿ ಅಂದ್ರ ನನ್ನೂ ಊರಿಗಿ ಕಳಿಸಿಬಿಡು," ಎಂದಳು.

ಭಾನುವಾರ ಬೆಳಿಗ್ಗೆ ಓನರ್ ತಾವೇ ಇಳಿದು ಬಂದರು. "ನಾಯಿ, ಬೆಕ್ಕು, ಹಕ್ಕಿ ಏನೂ ಇಡ್ಕೋಬಾರ್ದು ಅಂತ ಮೊದ್ಲೇ ಹೇಳಿದ್ನಲ್ಲಾ?"

ನಾನು ಬಾಯಿ ತೆರೆಯುವ ಮೊದಲೇ ಅವ್ವ ಒಳಗಿನಿಂದ ಬಂದು ಕೈಮುಗಿದಳು. "ವಾಡಾ ಕಣ್ಣಾ, ಸಾಪ್ಟಿಯಾ?"

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮನಸ್ಸಿನಲ್ಲೇ ಪಾತ್ರೆ ಪಗಡೆ ಕಟ್ಟತೊಡಗಿದ್ದೆ. ಓನರ್ ಅವ್ವನನ್ನೇ ನೋಡುತ್ತ ನಿಂತರು. ಆಮೇಲೆ ಸಣ್ಣ ದನಿಯಲ್ಲಿ, "ಇಲ್ಲಮ್ಮಾ, ಇನ್ನೂ ಇಲ್ಲ," ಎಂದರು.

ಅವ್ವ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ಹೊಸ್ತಿಲ ಬಳಿ ಕೂತು ಎರಡು ರೊಟ್ಟಿ ತಿಂದರು. "ಹೊರಗೆ ಕಾಣ್ದೇ ಇರೋ ಹಾಗೆ ಇಟ್ಕೊಳ್ಳಿ," ಎಂದು ಹೇಳಿ ಮೇಲೆ ಹೋದರು.

ಬಾಗಿಲು ಮುಂದೆ ಮಾಡಿ ನಾನು ಅವ್ವನ ಮೇಲೆ ರೇಗಿದೆ. "ಅದು ಸಣ್ಣ ಹುಡುಗರಿಗಿ ಅನ್ನೋ ಮಾತವ್ವ!"

"ಗೊತ್ತದ ಬಿಡು. ಬಾಜೂ ಮನಿಯಾಕಿ ಎಂದೋ ಹೇಳ್ಯಾಳ. ಅವರ ಮಾರಿ ನೋಡಿದ್ಯಾ? ಉಂಡವರ ಮಾರಿ ಆಗಿತ್ತೇನು ಅದು?"

ನನ್ನ ಪಾಲಿನ ರೊಟ್ಟಿ ತಿಂದೆ. ಡಬ್ಬಿಯಲ್ಲಿ ಅವ್ವನ ಪಾಲಿಗೆ ರೊಟ್ಟಿ ಉಳಿದಿಲ್ಲವೆಂಬುದು ಕೈ ತೊಳೆಯುವಾಗ ಕಣ್ಣಿಗೆ ಬಿತ್ತು. ಏನು ಕೇಳಬೇಕೆಂದು ಗೊತ್ತಿತ್ತು, ನಾಚಿಕೆಯಾಗಿ ಡಬ್ಬಿಯ ಮುಚ್ಚಳ ಹಾಕಿದೆ. ಪಂಜರದಲ್ಲಿದ್ದ ಗಿಣಿ ಅವ್ವನ ಕಡೆ ಕತ್ತು ಓರೆ ಮಾಡಿ ಕೇಳಿತು: "ಸಾಪ್ಟಿಯಾ?"