ಮಾದಿ ಹಿಡಿಯಲು ಬಂದ ಬೆರಳು

೧೯೯೮ರಲ್ಲಿ ನನಗೆ ಹದಿನೇಳು. ಹೆಬ್ಬಗೋಡಿಯಿಂದ ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್‌ಗೆ ಹೊಲಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಚಿಕ್ಕವಳಿದ್ದಾಗ ಅಪಘಾತವಾಗಿ ನನಗೆ ರಕ್ತ ಕೊಟ್ಟಿದ್ದರು. ಅದರಿಂದ ಎಚ್‌ಐವಿ ಬಂದಿತ್ತು. "ಬಾಯಿ ಬಿಟ್ರೆ ಕೆಲಸಾನೂ ಹೋಗುತ್ತೆ, ಓನರು ಮನೇನೂ ಖಾಲಿ ಮಾಡಿಸ್ತಾರೆ" ಎಂದು ಅಮ್ಮ ಹೆದರಿಸಿದ್ದಳು. ಒಟ್ಟಿಗೆ ಉಂಡರೆ ಅಂಟುವುದಿಲ್ಲ ಎಂದು ಡಾಕ್ಟರು ಹೇಳಿದ್ದರೂ ನನಗೆ ಧೈರ್ಯ ಸಾಲುತ್ತಿರಲಿಲ್ಲ. ಮಧ್ಯಾಹ್ನ ಎಲ್ಲರೂ ಡಬ್ಬಿ ಹಂಚಿಕೊಂಡರೆ ನಾನು ಗೋಡೆ ಕಡೆ ತಿರುಗಿ ಒಬ್ಬಳೇ ಉಣ್ಣುತ್ತಿದ್ದೆ.

ಪಕ್ಕದ ಮೆಷಿನ್ನಿನವಳು ಮಾದಿ. ಜಿಗಣಿ ಕಡೆಯ ಹುಡುಗಿ, ನನ್ನದೇ ವಯಸ್ಸು, ಬಾಯಿ ಜೋರು. ಒಂದು ದಿನ ಸೂಜಿ ನನ್ನ ಬೆರಳಿಗೆ ಹೊಕ್ಕಿತು. ಬಟ್ಟೆಗೆ ರಕ್ತ ತಾಗಿದರೆ ಬೈಗುಳ ಗ್ಯಾರಂಟಿ. ಹಾಗಾಗಿ ಪಕ್ಕದವರು ಥಟ್ಟನೆ ಬೆರಳು ಹಿಡಿದು ಚೀಪಿಬಿಡುವುದು ನಮ್ಮ ಲೈನಿನ ರೂಢಿ. ಮಾದಿಯೂ ಬೆರಳನ್ನು ಬಾಯಿಗೆ ಒಯ್ದಳು. ನಾನು ಕೈ ಕಿತ್ತುಕೊಂಡು ಅವಳನ್ನು ದಬ್ಬಿದೆ. ಅವಳ ಮುಖ ಇಷ್ಟು ಸಣ್ಣದಾಯಿತು.

ಸಂಜೆ ಬಸ್‌ಸ್ಟಾಪಿನಲ್ಲಿ ಅವಳೇ ಬಂದಳು. "ಗೊತ್ತಾಯ್ತು ಬುಡು. ನಮ್ ಡಬ್ಬಿ ಮುಟ್ಟಲ್ಲ, ಬೆಳ್ಳೂ ಮುಟ್ಟಿಸಲ್ಲ. ನಾವು ಕೇರಿಯೋರು ಅಂತ ತಾನೆ?"

ಕಾಯಿಲೆಯವಳೆಂದು ದೂರವಿಟ್ಟರೂ ತಡೆದುಕೊಂಡೇನು, ಜಾತಿ ನೋಡುವವಳು ಎಂದರೆ ಹೇಗೆ ತಡೆಯಲಿ? ಹೇಳಿದರೆ ಗೆಳತಿ ಹೋಗಬಹುದು. ಹೇಳದಿದ್ದರೆ ಆಗಲೇ ಹೋಗಿಯಾಗಿತ್ತು.

"ನನ್ನ ರಕ್ತದಲ್ಲಿ ಎಚ್‌ಐವಿ ಇದೆ ಕಣೆ. ನಿನಗೆ ಬರಬಾರದು ಅಂತ ಎಳ್ಕೊಂಡೆ" ಎಂದೆ.

ಅಷ್ಟರಲ್ಲಿ ಬಸ್ಸು ಬಂತು. ಮಾದಿ ಹತ್ತಿ ಹೋದಳು.

ಕೆಲಸ ಹೋಯಿತು ಎಂದುಕೊಂಡೇ ಮರುದಿನ ಹೋದೆ. ಊಟದ ಹೊತ್ತಿಗೆ ಅವಳು ಬಂದು ನನ್ನ ಗೋಡೆ ಪಕ್ಕ ಕೂತಳು. "ಒಂದೇ ಡಬ್ಬೀಲಿ ತಿಂದ್ರೆ ಬರಕಿಲ್ಲ ತಾನೆ?" ಎಂದು ಮೆಲ್ಲಗೆ ಕೇಳಿದಳು.

"ಇಲ್ಲ, ಡಾಕ್ಟರೇ ಹೇಳಿದ್ದಾರೆ."

"ಮತ್ತೆ ಇಷ್ಟ್ ದಿನ ಚಿತ್ರಾನ್ನ ಒಬ್ಳೇ ಮುಕ್ಕಿದ್ಯಲ್ಲೇ" ಎಂದವಳೇ ನನ್ನ ಡಬ್ಬಿಗೆ ಕೈ ಹಾಕಿದಳು. ತುತ್ತು ಬಾಯಲ್ಲಿಟ್ಟುಕೊಂಡೇ ನಾನು ಅತ್ತುಬಿಟ್ಟೆ.

ಆಮೇಲೆ ಅವಳ ಡ್ರಾಯರಿನಲ್ಲಿ ನನಗೆಂದೇ ಒಂದು ಶುಭ್ರ ಬಟ್ಟೆಪಟ್ಟಿ ಇರುತ್ತಿತ್ತು. ನನಗೆ ಸೂಜಿ ಚುಚ್ಚಿದಾಗ ಬೇರೆ ಯಾರಾದರೂ ಓಡಿ ಬಂದರೆ, ಪಟ್ಟಿಯನ್ನು ನನ್ನ ಕಡೆ ಎಸೆದು, "ಅವ್ಳ್ ಬೆಳ್ಳು ನಾನ್ ನೋಡ್ಕತೀನಿ, ನೀವ್ ನಿಮ್ ಪೀಸ್ ನೋಡ್ಕಳಿ" ಎಂದು ಗದರುತ್ತಿದ್ದಳು. ಯಾರಿಗೂ ಹೇಳಬೇಡ ಎಂದು ನಾನು ಕೇಳಿಕೊಂಡಿರಲಿಲ್ಲ. ಅವಳು ಹೇಳಲೂ ಇಲ್ಲ.

ಮುಂದೆ ಒಳ್ಳೆಯ ಮಾತ್ರೆಗಳು ಬಂದವು, ಬದುಕಿಕೊಂಡೆ. ಈ ವಿಷಯವನ್ನು ಕೆಲವರಿಗೆ ಹೇಳಿದ್ದೇನೆ, ಬಹಳ ಜನರಿಂದ ಮುಚ್ಚಿಟ್ಟಿದ್ದೇನೆ, ಅದಕ್ಕೆ ನಾಚಿಕೆಯೇನಿಲ್ಲ. ಆದರೆ ಯಾರ ಜೊತೆ ಉಣ್ಣಲು ಕೂತರೂ ಗೋಡೆ ಕಡೆ ಮಾತ್ರ ತಿರುಗುವುದಿಲ್ಲ.